ಅಪ್ಪನ ಬ್ಯಾಟರಿ

ಸೈಕಲ್ ಬಾಡಿಗೆ ಅಂಗಡಿಯ ಹುಡುಗ ಇ-ಬೈಕಿನ ಗುಂಡಿಗಳನ್ನೆಲ್ಲ ಒಂದೊಂದಾಗಿ ಒತ್ತಿ ತೋರಿಸಿದ. ಇಷ್ಟು ಒತ್ತಿದ್ರೆ ಸ್ವಲ್ಪ ತಳ್ಳುತ್ತೆ, ಇನ್ನೊಂದು ಸಲ ಒತ್ತಿದ್ರೆ ಜಾಸ್ತಿ ತಳ್ಳುತ್ತೆ, ಗಂಟೆಗೆ 25 ಕಿಲೋಮೀಟರ್ ದಾಟಿದ ಮೇಲೆ ಮೋಟಾರು ತಾನಾಗೇ ಕೈಬಿಡುತ್ತೆ, ಹೀಗೆ. ಅಪ್ಪ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ ಹೆಬ್ಬೆರಳಲ್ಲಿ ಟೈರು ಒತ್ತಿ ನೋಡಿದರು. ಬೆಲ್ ಹೊಡೆದು ನೋಡಿದರು. ಸ್ಟ್ಯಾಂಡ್ ಹಾಕಿ ತೆಗೆದರು. ಕೊನೆಗೆ ನನ್ನ ಕಡೆ ತಿರುಗಿ, "ಇದನ್ನ ಆಫ್ ಮಾಡೋದು ಹೇಗೆ ಅಂತ ಕೇಳು" ಅಂದರು.

ಅಪ್ಪನಿಗೆ ಅರವತ್ತೇಳು. ಹೊಸನಗರ ತಾಲ್ಲೂಕಿನ ಹಳ್ಳಿಯೊಂದರಿಂದ ಒಂಬತ್ತು ಕಿಲೋಮೀಟರ್ ದೂರದ ಹೈಸ್ಕೂಲಿಗೆ ಇಪ್ಪತ್ತಾರು ವರ್ಷ ಸೈಕಲ್ ತುಳಿದು ಕನ್ನಡ ಪಾಠ ಮಾಡಿದವರು. ಮಲೆನಾಡಿನ ಮಳೆ ಗೊತ್ತಲ್ಲ ನಿಮಗೆ, ಜೂನ್‌ನಲ್ಲಿ ಹಿಡಿದರೆ ಬಿಡೋದು ಸೆಪ್ಟೆಂಬರ್‌ಗೆ. ಆ ಮಳೆಯಲ್ಲಿ, ಆ ಏರಿಳಿತದಲ್ಲಿ, ಗೇರಿಲ್ಲದ ಅಟ್ಲಾಸ್ ಸೈಕಲ್ ಮೇಲೆ, ಮುಂದಿನ ಬಾರ್‌ನಲ್ಲಿ ನನ್ನನ್ನೂ ಕೂರಿಸಿಕೊಂಡು ಹೋದವರಿಗೆ ಬ್ಯಾಟರಿ ಬೇಕು ಅಂದುಕೊಂಡದ್ದು ನನ್ನದೇ ತಪ್ಪು. ಆದರೂ ಬಾಡಿಗೆಗೆ ತಗೊಂಡೆ. ಆರು ವರ್ಷದಿಂದ ಇಲ್ಲಿದ್ದೀನಿ, ಅವರು ಬಂದದ್ದು ಇದೇ ಮೊದಲು. ಅಮ್ಮ ಹೋಗಿ ಮೂರು ವರ್ಷ ಆದಮೇಲೆ, ಮೂರು ವಾರಕ್ಕೆ ಅಂತ. ಎರಡು ವಾರ ಆಗಲೇ ಮುಗಿದಿತ್ತು. ಆ ಎರಡು ವಾರದಲ್ಲಿ ನಾವು ಹವಾಮಾನದ ಬಗ್ಗೆ, ಮೊಸರಿನ ಬಗ್ಗೆ, ವಾಷಿಂಗ್ ಮೆಷಿನ್ ಬಗ್ಗೆ ಬೇಕಾದಷ್ಟು ಮಾತಾಡಿದ್ದೆವು. ಹೇಳಬೇಕು ಅಂತ ನಾನು ಇಟ್ಟುಕೊಂಡಿದ್ದ ಒಂದು ವಿಷಯ ಮಾತ್ರ ಹಾಗೇ ಉಳಿದಿತ್ತು. ಸೈಕಲ್ ಮೇಲೆ ಮುಖ ನೋಡದೆ ಮಾತಾಡಬಹುದು ಅನ್ನೋದು ನನ್ನ ಲೆಕ್ಕ.

ಹೋಗಬೇಕಾದದ್ದು ಎಸ್ಲಿಂಗನ್‌ನಿಂದ ಟ್ಯೂಬಿಂಗನ್‌ಗೆ. ನೆಕರ್ ನದಿಯ ದಡದಲ್ಲೇ ಹೋದರೆ ಸುಲಭ. ನ್ಯೂರ್ಟಿಂಗನ್‌ ತನಕ ನದಿ, ಆಮೇಲೆ ಆಯ್ಖ್ ಹಳ್ಳದ ಕಣಿವೆ ಹಿಡಿದು ವಾಲ್ಡನ್‌ಬುಖ್, ಅಲ್ಲಿಂದ ಶ್ಯೋನ್‌ಬುಖ್ ಕಾಡು ಹತ್ತಿಳಿದು ಟ್ಯೂಬಿಂಗನ್ ಅಂತ ನಾನು ದಾರಿ ಹಾಕಿದ್ದೆ. ಸುಮಾರು 60 ಕಿಲೋಮೀಟರ್. ವಾಪಸ್ ರೈಲಲ್ಲಿ. ಶನಿವಾರ ಆದ್ದರಿಂದ ಇಲ್ಲಿನ ಪ್ರಾದೇಶಿಕ ರೈಲುಗಳಲ್ಲಿ ಸೈಕಲ್‌ಗೆ ಟಿಕೆಟ್ ಬೇಡ.

ಎಸ್ಲಿಂಗನ್ ನೋಡಿದವರು ಹೇಳ್ತಾರೆ, ಇಡೀ ಊರು ಸಿನಿಮಾ ಸೆಟ್ ಥರ ಇದೆ ಅಂತ. 14ನೇ ಶತಮಾನದ ಮರದ ಚೌಕಟ್ಟಿನ ಮನೆಗಳು ಇವತ್ತಿಗೂ ಇವೆ, ಅವುಗಳಲ್ಲಿ ಜನ ಸಂಸಾರ ಮಾಡ್ತಿದ್ದಾರೆ, ಕಿಟಕಿಯಲ್ಲಿ ಜೆರೇನಿಯಂ ಬೆಳೆಸ್ತಿದ್ದಾರೆ. ಅಪ್ಪ ಇದನ್ನೆಲ್ಲ ಎರಡು ವಾರದಿಂದ ನೋಡಿ ಮುಗಿಸಿದ್ದರು. ಅವರ ಕಣ್ಣು ಇದ್ದದ್ದು ಊರಿನ ಬೆನ್ನಿಗೇ ಎದ್ದು ನಿಂತ ದ್ರಾಕ್ಷಿ ಗುಡ್ಡದ ಮೇಲೆ. "ಹೊರಡೋ ಮೊದಲು ಅಲ್ಲೊಂದು ಸುತ್ತು ಹೋಗಿ ಬರೋಣ."

ಗುಡ್ಡ ಅಂದರೆ ಗುಡ್ಡ. ಗಾರೆ ಹಾಕದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಿದ ಗೋಡೆಗಳು, ಗೋಡೆಗೊಂದು ಮೆಟ್ಟಿಲಿನ ಹಾಗೆ ಕಿರಿದಾದ ಪಟ್ಟಿ, ಪಟ್ಟಿಯಲ್ಲಿ ದ್ರಾಕ್ಷಿ ಬಳ್ಳಿ. ಟ್ರ್ಯಾಕ್ಟರ್ ಹತ್ತೋದಿಲ್ಲ. ಕತ್ತರಿಸೋದು, ಕಟ್ಟೋದು, ಕೊಯ್ಯೋದು ಎಲ್ಲ ಕೈಯಲ್ಲೇ ಆಗಬೇಕು. ಸೈಕಲ್ ತಳ್ಳಿಕೊಂಡು ಹೋಗ್ತಿದ್ದಾಗ ಒಬ್ಬ ಅಜ್ಜ ಬಿದ್ದ ಕಲ್ಲುಗಳನ್ನು ಮತ್ತೆ ಗೋಡೆಗೆ ಕೂರಿಸ್ತಿದ್ದ. ಅಪ್ಪ ನಿಂತರು. ಒಂದು ಕಲ್ಲು ಎತ್ತಿಕೊಟ್ಟರು. ಅಜ್ಜ ಅದನ್ನು ತಿರುಗಿಸಿ ನೋಡಿ, ಅಲ್ಲ ಅಂತ ತಲೆಯಾಡಿಸಿ ಇನ್ನೊಂದನ್ನು ತೋರಿಸಿದ. ಹೀಗೆ ಐದು ನಿಮಿಷ ಭಾಷೆಯಿಲ್ಲದೆ ಕೆಲಸ ನಡೆಯಿತು. ಆಮೇಲೆ ಅಪ್ಪ ನನಗೆ, "ಇವರ ನಂತರ ಯಾರು ಮಾಡ್ತಾರೆ ಅಂತ ಕೇಳು" ಅಂದರು.

ಕೇಳಿದೆ. ಅಜ್ಜ ನಕ್ಕ. ಮಗ ಹ್ಯಾಂಬರ್ಗ್‌ನಲ್ಲಿದ್ದಾನಂತೆ. ಕೈಯೆತ್ತಿ ಎರಡು ಪಟ್ಟಿ ಮೇಲಕ್ಕೆ ತೋರಿಸಿದ. ಅಲ್ಲಿ ದ್ರಾಕ್ಷಿ ಇರಲಿಲ್ಲ, ಮುಳ್ಳು ಪೊದೆ ಹಬ್ಬಿತ್ತು. ಅದು ಪಕ್ಕದವನದ್ದಂತೆ. ನಾನು ಅನುವಾದ ಮಾಡುವ ಮೊದಲೇ ಅಪ್ಪ "ಗೊತ್ತಾಯ್ತು ಗೊತ್ತಾಯ್ತು" ಅಂದುಬಿಟ್ಟರು.

ಇಲ್ಲಿಂದ ಪ್ಲೋಖಿಂಗನ್ ತನಕದ ಹತ್ತು ಕಿಲೋಮೀಟರ್ ಬಗ್ಗೆ ಹೆಚ್ಚು ಹೇಳೋದಿಲ್ಲ. ಒಂದು ಕಡೆ ರೈಲು, ಇನ್ನೊಂದು ಕಡೆ ಹೆದ್ದಾರಿ, ಮಧ್ಯೆ ಕಾರ್ಖಾನೆಗಳು. ಜರ್ಮನಿಯ ಪೋಸ್ಟ್‌ಕಾರ್ಡ್‌ಗಳಲ್ಲಿ ಇದು ಬರೋದಿಲ್ಲ, ಆದರೆ ಪೋಸ್ಟ್‌ಕಾರ್ಡ್‌ನ ಊರುಗಳಿಗೆ ದುಡ್ಡು ಬರೋದು ಇಲ್ಲಿಂದಲೇ. ಮಾನ್‌ಹೈಮ್‌ನಿಂದ ನದಿಯ ಮೇಲೆ ಬರುವ ಸರಕಿನ ದೋಣಿಗಳ ಪ್ರಯಾಣ ಪ್ಲೋಖಿಂಗನ್ ಬಂದರಲ್ಲಿ ಮುಗಿಯುತ್ತೆ. ಅಲ್ಲಿ ನೆಕರ್ ಮೊಣಕಾಲು ಮಡಿಸಿದ ಹಾಗೆ ತಟ್ಟನೆ ತಿರುಗುತ್ತೆ. ತಿರುವು ದಾಟಿ ಮೇಲಕ್ಕೆ ಹೋದರೆ ದೊಡ್ಡ ದೋಣಿಗಳಿಲ್ಲ. ನದಿ ಚಿಕ್ಕದಾಗುತ್ತೆ, ಬಾತುಕೋಳಿಗಳು ಬರುತ್ತವೆ.

ಮಾನ್‌ಹೈಮ್ ಅಂದಾಗ ನೆನಪಾಯ್ತು ಅಂತ ಅಪ್ಪನಿಗೊಂದು ಕಥೆ ಹೇಳಿದೆ. ಇದೇ ನದಿ ಹೋಗಿ ರೈನ್ ಸೇರುವ ಆ ಊರಲ್ಲೇ 1817ರ ಜೂನ್ 12ರಂದು ಕಾರ್ಲ್ ಡ್ರೈಸ್ ಅನ್ನುವವನು ಎರಡು ಚಕ್ರದ ಮರದ ಗಾಡಿಯೊಂದನ್ನು ಮೊದಲ ಸಲ ಓಡಿಸಿದ್ದು. ಸೈಕಲ್‌ನ ಮುತ್ತಜ್ಜ. ಪೆಡಲ್ ಇರಲಿಲ್ಲ, ನೆಲಕ್ಕೆ ಕಾಲು ಒದ್ದು ಒದ್ದು ಹೋಗಬೇಕಿತ್ತು. ಅಪ್ಪ ಸ್ವಲ್ಪ ದೂರ ಸುಮ್ಮನೆ ತುಳಿದು, "ನಾನೂ ಸೈಕಲ್ ಕಲಿತದ್ದು ಹಾಗೇ. ಚೈನು ಇರದ ಸೈಕಲ್ ನಮ್ಮ ದೊಡ್ಡಪ್ಪನ ಕೊಟ್ಟಿಗೇಲಿ ಇತ್ತು" ಅಂದರು. ಇನ್ನೂರು ವರ್ಷದ ಇತಿಹಾಸ ದೊಡ್ಡಪ್ಪನ ಕೊಟ್ಟಿಗೆಯಲ್ಲಿ ಮುಗಿಯಿತು.

ನ್ಯೂರ್ಟಿಂಗನ್‌ನಲ್ಲಿ ಬೆಣ್ಣೆ ಸವರಿದ ಬ್ರೆಟ್ಜೆಲ್ ಮತ್ತು ಕಾಫಿ. ಕವಿ ಹೋಲ್ಡರ್ಲಿನ್ ಬೆಳೆದದ್ದು ಈ ಊರಲ್ಲಿ ಅಂದೆ. ಅಪ್ಪನಿಗೆ ಬ್ರೆಟ್ಜೆಲ್ ಮೇಲಿನ ಉಪ್ಪಿನ ಹರಳುಗಳನ್ನು ಕೆರೆದು ತೆಗೆಯುವುದರಲ್ಲೇ ಗಮನ ಇತ್ತು.

ಆಯ್ಖ್ ಕಣಿವೆಗೆ ತಿರುಗಿದ ಮೇಲೆಯೇ ನೋಡಿ, ದಾರಿ ದಾರಿಯಾದದ್ದು. ಮೇ ತಿಂಗಳ ಕೊನೆ. ಹುಲ್ಲು ಸೊಂಟದ ತನಕ ಬೆಳೆದಿತ್ತು, ಮಧ್ಯೆ ಮಧ್ಯೆ ಕೆಂಪು ಗಸಗಸೆ ಹೂವು. ಎರಡೂ ಕಡೆ ಇಳಿಜಾರುಗಳಲ್ಲಿ ಸೇಬು, ಪೇರು, ಚೆರ್ರಿ ಮರಗಳು. ಸಾಲು ಹಿಡಿದು ನೆಟ್ಟ ತೋಟ ಅಲ್ಲ, ಹುಲ್ಲುಗಾವಲಲ್ಲಿ ಅಲ್ಲೊಂದು ಇಲ್ಲೊಂದು ಎತ್ತರದ ಹಳೇ ಮರ. ಒಂದೊಂದು ತುಂಡು ಜಾಗವೂ ನಮ್ಮೂರ ಸೈಟಿನಷ್ಟೇ ಅಗಲ, ಆದರೆ ರಿಬ್ಬನ್ ಥರ ಉದ್ದ. "ಇಷ್ಟು ಸಣ್ಣ ಸಣ್ಣ ಪಟ್ಟಿ ಯಾಕೆ?" ಅಂತ ಅಪ್ಪ ಕೇಳಿದರು.

ಇದು ನನಗೆ ಗೊತ್ತಿದ್ದ ವಿಷಯ, ಆಫೀಸಿನ ಸಹೋದ್ಯೋಗಿಯೊಬ್ಬ ಹೇಳಿದ್ದ. ಜರ್ಮನಿಯ ಬಹಳ ಕಡೆ ಅಪ್ಪನ ಜಮೀನು ಒಬ್ಬನೇ ಮಗನಿಗೆ ಹೋಗುತ್ತಿತ್ತು. ಈ ವ್ಯೂರ್ಟಂಬರ್ಗ್ ಸೀಮೆಯ ಹೆಚ್ಚಿನ ಹಳ್ಳಿಗಳಲ್ಲಿ ಹಾಗಲ್ಲ, ಗಂಡು ಹೆಣ್ಣು ಎಲ್ಲ ಮಕ್ಕಳಿಗೂ ಸಮಪಾಲು. ನ್ಯಾಯವೇನೋ ಹೌದು, ಆದರೆ ನಾಲ್ಕು ತಲೆಮಾರು ಕಳೆಯುವ ಹೊತ್ತಿಗೆ ಹೊಲ ಕರವಸ್ತ್ರದಷ್ಟಾಯ್ತು. ಅದರಲ್ಲಿ ಹೊಟ್ಟೆ ತುಂಬುವುದಿಲ್ಲ. ಕೆಲವರು ಮನೆಯಲ್ಲೇ ನೇಯ್ಗೆ ಶುರು ಮಾಡಿದರು, ಕೆಲವರು ಸಣ್ಣಪುಟ್ಟ ಯಂತ್ರದ ಕೆಲಸ ಹಿಡಿದರು. ಸಾವಿರಾರು ಜನ ಊರು ಬಿಟ್ಟು ಅಮೆರಿಕಕ್ಕೆ, ರಷ್ಯಾಕ್ಕೆ ಹೋದರು. 1816ರಲ್ಲಿ ಬೇಸಿಗೆಯೇ ಬರಲಿಲ್ಲ. ಅದರ ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದ ಪರಿಣಾಮ. ಬೆಳೆ ಕೊಳೆತು ಬರ ಬಂದಾಗ ಹೊರಟವರ ಸಾಲು ಇನ್ನೂ ಉದ್ದವಾಯಿತು. ಉಳಿದವರ ಮೊಮ್ಮಕ್ಕಳು ಕಾರ್ಖಾನೆ ಸೇರಿದರು, ಸಂಜೆ ಬಂದು ತಮ್ಮ ಪಾಲಿನ ಪಟ್ಟಿಯಲ್ಲಿ ಹುಲ್ಲು ಕೊಯ್ದರು.

"ಅಂದ್ರೆ ನಮ್ಮಲ್ಲಿ ಪಾಲು ಮಾಡ್ಕೊಂಡು ಕೋರ್ಟಿಗೆ ಹೋಗ್ತಾರೆ, ಇವರು ಪಾಲು ಮಾಡ್ಕೊಂಡು ಕಾರು ಮಾಡಿದ್ರು" ಅಂದರು ಅಪ್ಪ. ಜೋರಾಗಿ ನಕ್ಕೆವು. ಎದುರಿಗೆ ಬರುತ್ತಿದ್ದ ಗಂಡ ಹೆಂಡತಿ ಸೈಕಲ್ ಪಕ್ಕಕ್ಕೆ ತೆಗೆದುಕೊಂಡು "ಗ್ರೂಸ್ ಗಾಟ್" ಅಂದರು. ಅಪ್ಪ "ನಮಸ್ಕಾರ" ಅಂದರು. ಇಲ್ಲಿವರೆಗೂ ಬ್ಯಾಟರಿ ಆಫ್.

ಮಧ್ಯಾಹ್ನ ವಾಲ್ಡನ್‌ಬುಖ್. ಗುಡ್ಡದ ಮೂಗಿನ ಮೇಲೆ ಕೂತ ಹಳೇ ಊರು, ತುದಿಯಲ್ಲಿ ಅರಮನೆ, ಪಕ್ಕದಲ್ಲಿ ಚರ್ಚು. ಡ್ಯೂಕ್‌ಗಳ ಬೇಟೆಯ ಅರಮನೆ ಈಗ ಜನಸಾಮಾನ್ಯರ ದಿನಬಳಕೆಯ ವಸ್ತುಗಳ ಮ್ಯೂಸಿಯಂ. ಕೆಳಗೆ ಕಣಿವೆಯಲ್ಲಿ ಚೌಕಾಕಾರದ ರಿಟರ್ ಸ್ಪೋರ್ಟ್ ಚಾಕೊಲೇಟಿನ ಕಾರ್ಖಾನೆ. 1930ರಲ್ಲಿ ಇಲ್ಲಿಗೆ ಬಂದದ್ದು, ಎರಡು ವರ್ಷ ಬಿಟ್ಟು ಕೋಟಿನ ಜೇಬಲ್ಲಿ ಮುರಿಯದೆ ಕೂರಲಿ ಅಂತ ಚೌಕ ಮಾಡಿದರು. ಬೆಂಗಳೂರಿಗೆ ಹೋಗುವ ಎಲ್ಲ ಎಂಜಿನಿಯರ್‌ಗಳ ಸೂಟ್‌ಕೇಸಿನಲ್ಲಿ ಕಾಲು ಭಾಗ ಇದೇ ಇರುತ್ತೆ, ಹಾಗಾಗಿ ವಿವರಿಸುವ ಅಗತ್ಯ ಇಲ್ಲ. ಚರ್ಚಿನ ಕೆಳಗೆ ಬೆಂಚಿನ ಮೇಲೆ ಬುತ್ತಿ ಬಿಚ್ಚಿದೆವು. ಚಪಾತಿ, ಪಲ್ಯ, ಅಪ್ಪ ಊರಿಂದ ತಂದಿದ್ದ ಮಾವಿನಮಿಡಿ ಉಪ್ಪಿನಕಾಯಿ. ಈಗ ಹೇಳಿಬಿಡಬೇಕು ಅಂತ ನಾನು ಗಂಟಲು ಸರಿಮಾಡಿಕೊಂಡೆ.

"ತೋಟ ಕೊಟ್ಟುಬಿಟ್ಟೆ" ಅಂದರು ಅಪ್ಪ.

ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗಿಸುತ್ತಾ, ಮಳೆ ಬರಬಹುದು ಅನ್ನುವ ಧಾಟಿಯಲ್ಲಿ. ಮಾರ್ಚ್‌ನಲ್ಲೇ ರಿಜಿಸ್ಟರ್ ಆಯಿತಂತೆ. ಎಲೆಚುಕ್ಕೆ ರೋಗ ಮೂರನೇ ವರ್ಷವೂ ಬಂತಂತೆ. ಔಷಧಿ ಹೊಡೆಯೋಕೆ, ಕೊನೆ ಇಳಿಸೋಕೆ ಮರ ಹತ್ತುವವರು ಸಿಗೋದಿಲ್ಲ, ಸಿಕ್ಕಿದವನು ಹೇಳಿದ ದಿನ ಬರೋದಿಲ್ಲ. ತಗೊಂಡವನು ಅವರ ಹಳೇ ಶಿಷ್ಯ, ಹಳ್ಳದ ಆಚೆ ಮನೆಯವನು. "ಮನೆ ಇಟ್ಕೊಂಡಿದೀನಿ. ಬಾವಿ, ಬಾವಿ ಹತ್ತಿರದ ಹತ್ತು ಮರ ಇದೆ. ನಾನೇ ದುಡಿದು ತಗೊಂಡಿದ್ದಲ್ವಾ, ಸ್ವಯಾರ್ಜಿತ. ನಿನ್ನ ಸಹಿ ಬೇಕಾಗಲಿಲ್ಲ."

ಆ ಕೊನೇ ವಾಕ್ಯ ಅವರು ನನಗೆ ತೊಂದರೆ ತಪ್ಪಿಸಿದೆ ಅನ್ನುವ ಅರ್ಥದಲ್ಲೇ ಹೇಳಿದ್ದು. ನನಗೆ ಅದು ಕೇಳಿಸಿದ್ದು ಬೇರೆ ಥರ.

ಸತ್ಯ ಹೇಳ್ತೀನಿ, ಕಳೆದ ಮೂರು ಸಲ ಊರಿಗೆ ಹೋದಾಗ ನಾನು ಆ ಒಂದೂವರೆ ಎಕರೆಯಲ್ಲಿ ಒಟ್ಟು ಒಂದು ಗಂಟೆ ಓಡಾಡಿದ್ದರೆ ಹೆಚ್ಚು. ಉಂಬಳ ಹತ್ತುತ್ತೆ ಅಂತ ಬೇಗ ವಾಪಸ್ ಬಂದಿದ್ದೆ. ಆದರೆ ನನ್ನ ಲ್ಯಾಪ್‌ಟಾಪಿನಲ್ಲಿ 'ವಾಪಸ್' ಅಂತ ಒಂದು ಎಕ್ಸೆಲ್ ಶೀಟ್ ಇದೆ. ಅದರಲ್ಲಿ ನಾಲ್ಕನೇ ಸಾಲು ತೋಟ. ಹನಿ ನೀರಾವರಿಗೆ ಇಷ್ಟು, ಕಾಳುಮೆಣಸು ಹಬ್ಬಿಸೋಕೆ ಇಷ್ಟು, ಹಳೇ ಕೊಟ್ಟಿಗೆಯನ್ನು ಹೋಮ್‌ಸ್ಟೇ ಮಾಡೋಕೆ ಇಷ್ಟು. ಶುಕ್ರವಾರ ಸಂಜೆ ಗೆಳೆಯರ ಜೊತೆ ಬಿಯರ್ ಕುಡಿಯುವಾಗ "ಇನ್ನೈದು ವರ್ಷ ಕಣ್ರೋ, ಆಮೇಲೆ ತೋಟ" ಅಂತ ಆರು ವರ್ಷದಿಂದ ಹೇಳ್ತಾ ಬಂದಿದ್ದೀನಿ. ನಾನು ಹೋಗದಿದ್ದರೂ ಅದು ಅಲ್ಲಿರಬೇಕು, ಅದನ್ನು ಅಪ್ಪ ನೋಡಿಕೊಂಡಿರಬೇಕು, ಮತ್ತು ಅಪ್ಪನಿಗೆ ವಯಸ್ಸಾಗಬಾರದು. ಇಷ್ಟು ನನ್ನ ಪ್ಲಾನು.

"ಒಂದು ಮಾತು ಕೇಳಬಹುದಿತ್ತು" ಅಂದೆ.

"ಕೇಳಿದ್ರೆ ನೀನು ಬೇಡ ಅಂತಿದ್ದೆ" ಅಂದರು. "ಆಮೇಲೆ?"

ಬುತ್ತಿ ಕಟ್ಟಿ ಹೊರಟೆವು. ವಾಲ್ಡನ್‌ಬುಖ್‌ನಿಂದ ಡೆಟನ್‌ಹೌಸನ್ ಕಡೆಗೆ ಏರು ದಾರಿ. ನನಗೆ ಸಿಟ್ಟು ಬಂದಿತ್ತು, ಸಿಟ್ಟಿನಲ್ಲಿ ತುಳಿದೆ. ಮೊದಲ ತಿರುವಿನ ತನಕ ಚೆನ್ನಾಗೇ ಇತ್ತು. ಎರಡನೇ ತಿರುವಲ್ಲಿ ತೊಡೆ ಉರಿಯೋಕೆ ಶುರುವಾಯ್ತು. ಗೇರು ಇಳಿಸಿದೆ, ಇನ್ನೂ ಇಳಿಸಿದೆ, ಇಳಿಸೋಕೆ ಗೇರು ಉಳಿಯಲಿಲ್ಲ. ಆಗ ಹಿಂದಿನಿಂದ 'ಟ್ರಿಣ್ ಟ್ರಿಣ್'. ಅಪ್ಪ. ಬೆನ್ನು ನೆಟ್ಟಗೆ, ಮುಖದಲ್ಲಿ ಬೆವರಿಲ್ಲ, ಟೀಚರು ಹಾಜರಿ ಪುಸ್ತಕ ಹಿಡಿದು ಕ್ಲಾಸಿಗೆ ನಡೆದು ಹೋಗುವ ಹಾಗೆ ನನ್ನ ಪಕ್ಕದಿಂದ ಹಾದು ಹೋದರು. ಬ್ಯಾಟರಿ ಆನ್ ಮಾಡಿದ್ದರು. ಹೇಗೆ ಅಂತ ಯಾರನ್ನೂ ಕೇಳಿರಲಿಲ್ಲ.

ಮೇಲೆ ಮರದ ನೆರಳಲ್ಲಿ ಸ್ಟ್ಯಾಂಡ್ ಹಾಕಿ ನೀರಿನ ಬಾಟಲಿ ಹಿಡಿದು ಕಾಯುತ್ತಿದ್ದರು. "ಚೆನ್ನಾಗಿದೆ ಕಣೋ ಇದು" ಅಂದರು. "ಸುಮ್ನೆ ಬೆಳಿಗ್ಗೆಯಿಂದ ಹಠ ಮಾಡಿದೆ."

ನನಗೂ ನಗು ಬಂತು. ಏದುಸಿರು ಬಿಡುತ್ತಾ ನಗುವುದು ಕಷ್ಟ.

ಅಲ್ಲಿಂದ ಶ್ಯೋನ್‌ಬುಖ್ ಕಾಡು. 1972ರಲ್ಲಿ ಈ ರಾಜ್ಯದ ಮೊದಲ ನಿಸರ್ಗ ಉದ್ಯಾನ ಅಂತ ಘೋಷಣೆಯಾದದ್ದು. ಬೀಚ್ ಮರಗಳ ಎಳೆ ಎಲೆಗಳಿಂದ ಬಿಸಿಲು ಹಸಿರಾಗಿ ಸೋಸಿ ಬರುತ್ತಿತ್ತು. ದಾರಿ ಇಳಿಯುತ್ತಾ ಇಳಿಯುತ್ತಾ ಹೋಗುತ್ತೆ, ಪೆಡಲ್ ಮುಟ್ಟಬೇಕಿಲ್ಲ. ಈ ಇಳಿಜಾರಲ್ಲಿ ಮಾತ್ರ ನನಗೆ ಜೀವ ಕೈಯಲ್ಲಿತ್ತು. ಇ-ಬೈಕ್ ಭಾರ, ಅಪ್ಪನ ಕೈ ಈ ಬ್ರೇಕಿಗೆ ಹೊಸದು. "ಹಿಂದಿನ ಬ್ರೇಕ್ ಹಿಡೀರಿ, ಮುಂದಿಂದು ಒಂದೇ ಹಿಡೀಬೇಡಿ" ಅಂತ ಹಿಂದಿನಿಂದ ಕೂಗುತ್ತಾ ಇದ್ದೆ. ಚಿಕ್ಕವನಿದ್ದಾಗ ಶಾಲೆಯ ಮುಂದಿನ ಇಳುಕಲಿನಲ್ಲಿ ಅವರು ನನಗೆ ಕೂಗುತ್ತಿದ್ದದ್ದೂ ಅದೇ ಮಾತು, ಅದೇ ಗಾಬರಿ.

ಕಾಡು ಮುಗಿಯುವಲ್ಲಿ ಬೇಬನ್‌ಹೌಸನ್. 12ನೇ ಶತಮಾನದಲ್ಲಿ ಶುರುವಾದ ಮಠ, ಸಿಸ್ಟರ್ಸಿಯನ್ ಸನ್ಯಾಸಿಗಳದ್ದು. ಧರ್ಮ ಸುಧಾರಣೆಯ ಕಾಲದಲ್ಲಿ ಸನ್ಯಾಸಿಗಳು ಹೋದರು, ಮುಂದೆ ರಾಜರು ಬೇಟೆಗೆ ಬಂದು ಉಳಿಯುವ ಅರಮನೆಯಾಯಿತು. 1918ರಲ್ಲಿ ಸಿಂಹಾಸನ ಬಿಟ್ಟ ವ್ಯೂರ್ಟಂಬರ್ಗಿನ ಕೊನೆಯ ರಾಜ ಎರಡನೇ ವಿಲ್‌ಹೆಲ್ಮ್ ಬಂದು ವಾಸ ಮಾಡಿದ್ದು ಇಲ್ಲೇ, ತೀರಿಕೊಂಡದ್ದೂ ಇಲ್ಲೇ, 1921ರಲ್ಲಿ. ರಾಣಿ ಷಾರ್ಲಟ್ 1946ರ ತನಕ ಇದ್ದಳು. ಅಂಗಳದ ಕಲ್ಲು ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ಹೇಳಿದೆ. "ರಾಜ್ಯ ಹೋದ್ರೂ ಇರೋಕೊಂದು ಮನೆ ಇಟ್ಕೊಂಡ" ಅಂದರು ಅಪ್ಪ. ಸ್ವಲ್ಪ ತಡೆದು, "ಜಾಣ" ಅಂದರು.

ಟ್ಯೂಬಿಂಗನ್ ಸೇರಿದಾಗ ಸಂಜೆ ಐದು. ಸೇತುವೆಯ ಮೇಲೆ ಜನ ಜಾತ್ರೆ. ಕೆಳಗೆ ನೆಕರ್‌ನಲ್ಲಿ ವಿದ್ಯಾರ್ಥಿಗಳು ಉದ್ದನೆ ಕೋಲು ಊರಿ ದೋಣಿ ನಡೆಸುತ್ತಿದ್ದರು. ದಡದಲ್ಲಿ ಹೋಲ್ಡರ್ಲಿನ್ ತನ್ನ ಕೊನೆಯ 36 ವರ್ಷ ಕಳೆದ ಹಳದಿ ಗೋಪುರ. ಅಪ್ಪ ಇಷ್ಟು ದೂರ ತುಳಿದು ಬಂದದ್ದು ಆ ಗೋಪುರಕ್ಕಲ್ಲ. ವೀಸಾ ಬಂದ ದಿನವೇ ಫೋನಿನಲ್ಲಿ ಕೇಳಿದ್ದರು, "ಕಿಟೆಲ್ ಇದ್ದ ಊರು ನಿನ್ನ ಊರಿಂದ ಎಷ್ಟು ದೂರ?"

ಕನ್ನಡ ಓದಿದವರಿಗೆ ಈ ಸೀಮೆ ಹೊಸದಲ್ಲ. 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಇದೇ ವ್ಯೂರ್ಟಂಬರ್ಗಿನವರು, ತೀರಿಕೊಂಡದ್ದು ನಾನು ಈಗ ಬಾಡಿಗೆ ಕಟ್ಟುತ್ತಿರುವ ಎಸ್ಲಿಂಗನ್‌ನಲ್ಲಿ, 1881ರಲ್ಲಿ. ಫರ್ಡಿನಂಡ್ ಕಿಟೆಲ್ 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಮುಗಿಸಿದರು. ಸುಮಾರು 70,000 ಪದ. ಅದಕ್ಕಾಗಿ ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಅಚ್ಚಾಯಿತು, ಅದೇ ವರ್ಷ ಇದೇ ಊರಲ್ಲಿ ಕಣ್ಣು ಮುಚ್ಚಿದರು. ನಮ್ಮ ಮನೆಯಲ್ಲಿ ಯಾವ ಪದದ ಅರ್ಥ ಕೇಳಿದರೂ ಅಪ್ಪ ಹೇಳುತ್ತಿರಲಿಲ್ಲ. "ಕಿಟೆಲ್ ನೋಡು" ಅನ್ನುತ್ತಿದ್ದರು. ತುಂಬಾ ವರ್ಷ ನಾನು ಕಿಟೆಲ್ ಅಂದರೆ ಆ ದಪ್ಪ ಪುಸ್ತಕದ ಹೆಸರು ಅಂದುಕೊಂಡಿದ್ದೆ, ಮನುಷ್ಯನದ್ದು ಅಂತ ಗೊತ್ತಿರಲಿಲ್ಲ.

ಅಪ್ಪ ಸೇತುವೆಯ ಕಟಕಟೆ ಹಿಡಿದು ನೀರು ನೋಡುತ್ತಾ ನಿಂತರು. "ಇವರು ಹುಟ್ಟಿದ್ದು ಈ ಊರಲ್ಲಲ್ಲ. ಮೇಲೆ, ಉತ್ತರದ ಸಮುದ್ರದ ಹತ್ತಿರ" ಅಂದರು. "ಅಷ್ಟು ವರ್ಷ ಧಾರವಾಡ, ಮಂಗಳೂರು, ಮಡಿಕೇರಿ ಅಂತ ಇದ್ದು ಕೊನೆಗೆ ಇಲ್ಲಿ ಬಂದು ಕೂತ್ರು. ಹುಟ್ಟಿದ ಊರಿಗೆ ಹೋಗ್ಲಿಲ್ಲ ನೋಡು." ನಾನು ಏನೂ ಹೇಳಲಿಲ್ಲ.

ರೈಲಿನಲ್ಲಿ ಸೈಕಲ್‌ಗಳನ್ನು ಬೆಲ್ಟ್ ಹಾಕಿ ಕಟ್ಟಿ, ಎದುರಿನ ಮಡಚುವ ಸೀಟುಗಳಲ್ಲಿ ಕೂತೆವು. ಇಡೀ ದಿನ ತುಳಿದ ದೂರಕ್ಕೆ ರೈಲಿಗೆ ಮುಕ್ಕಾಲು ಗಂಟೆ ಸಾಕು, ಸ್ವಲ್ಪ ಅವಮಾನವೇ ಅದು. ರಾಯ್ಟ್‌ಲಿಂಗನ್ ದಾಟಿತು. ಅಪ್ಪ ಫೋನ್ ತೆಗೆದು ಕನ್ನಡಕ ಮೇಲಕ್ಕೆ ಸರಿಸಿ ಏನೋ ಓದುತ್ತಿದ್ದರು.

"ಈ ಪದ ಹೇಗೆ ಉಚ್ಚಾರ ಮಾಡ್ತಾರೆ?" ಅಂತ ಫೋನ್ ನನ್ನ ಕಡೆ ತಿರುಗಿಸಿದರು.

ನೋಟ್ಸ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಒಂದೊಂದಾಗಿ ಕೂಡಿಸಿ ಬರೆದಿದ್ದರು. ನೀಡರ್‌ಲಾಸ್ಸುಂಗ್ಸ್‌ಎರ್‌ಲೌಬ್ನಿಸ್. ನನ್ನ ಕಾಯಂ ವಾಸದ ಪರವಾನಗಿ ಕಾರ್ಡಿನ ಮೇಲಿನ ಪದ. ಹದಿನಾಲ್ಕು ದಿನದಿಂದ ಹೇಳಬೇಕು ಅಂತ ನಾನು ಗಂಟಲಲ್ಲಿ ಇಟ್ಟುಕೊಂಡಿದ್ದ ಪದ.

"ಸ್ಕ್ರೂಡ್ರೈವರ್ ಹುಡುಕೋಕೆ ಡ್ರಾಯರ್ ತೆಗೆದಿದ್ದೆ, ಬಂದ ಎರಡನೇ ದಿನ" ಅಂದರು. "ನಿಘಂಟು ನೋಡಿದೆ. ಫೋನಲ್ಲೇ ಇದೆಯಲ್ಲ ಈಗ."

ನಾನು ನಿಧಾನವಾಗಿ ಉಚ್ಚರಿಸಿದೆ. ಅವರು ಹಿಂದೆಯೇ ಹೇಳಿದರು, ಎರಡನೇ ಸಲಕ್ಕೆ ಸರಿಯಾಯಿತು. ಆಮೇಲೆ ಬೆರಳಲ್ಲಿ ಗಾಳಿಯಲ್ಲೇ ಪದವನ್ನು ಕತ್ತರಿಸಿದರು. "ನೀಡರ್‌ಲಾಸ್ಸುಂಗ್, ನೆಲೆಸೋದು. ಎರ್‌ಲೌಬ್ನಿಸ್, ಅನುಮತಿ. ನೆಲೆಸೋದಕ್ಕೆ ಅನುಮತಿ. ಚತುರ್ಥೀ ತತ್ಪುರುಷ. ಮಧ್ಯೆ ಈ 'ಸ' ಎಲ್ಲಿಂದ ಬಂತು?"

"ಅದು ಹಾಗೇ ಸೇರಿಸ್ತಾರಪ್ಪ, ಎರಡು ಪದ ಕೂಡಿಸುವಾಗ."

"ಹಾಗಾದ್ರೆ ಆಗಮ" ಅಂದರು, ತೃಪ್ತಿಯಿಂದ. ನ್ಯೂರ್ಟಿಂಗನ್ ಬಂತು, ಹೋಯಿತು. ಬೆಳಿಗ್ಗೆ ನಾವು ಕಾಫಿ ಕುಡಿದ ಕಡೆ ಕುರ್ಚಿಗಳನ್ನು ಒಳಗಿಡುತ್ತಿದ್ದರೋ ಏನೋ.

"ಯಾವಾಗ ಸಿಕ್ತು ಇದು?"

"ಜನವರಿಯಲ್ಲಿ."

ಅಪ್ಪ ಲೆಕ್ಕ ಹಾಕಿದರು. "ನನ್ನದು ಮಾರ್ಚ್" ಅಂದರು. "ಹೇಳದೆ ಇಟ್ಕೊಂಡಿದ್ರಲ್ಲಿ ನೀನೇ ಸೀನಿಯರ್."

ಪ್ಲೋಖಿಂಗನ್‌ನಲ್ಲಿ ರೈಲು ನದಿಯ ಜೊತೆಗೇ ತಿರುಗಿತು. ಮುಂದಿನ ಸ್ಟಾಪ್‌ಗೆ ಇಳಿಯಬೇಕು ಅಂತ ನಾನು ಬೆಲ್ಟ್ ಬಿಚ್ಚೋಕೆ ಎದ್ದೆ. ಅಪ್ಪ ಇ-ಬೈಕಿನ ಹ್ಯಾಂಡಲ್ ಹಿಡಿದು ಪರದೆಯ ಮೇಲಿನ ಗೀಟುಗಳನ್ನು ಎಣಿಸಿದರು. ಐದರಲ್ಲಿ ನಾಲ್ಕು ಉಳಿದಿದ್ದವು. "ನಾಳೆ ಎಷ್ಟು ಗಂಟೆಗೆ ವಾಪಸ್ ಕೊಡಬೇಕು ಇದನ್ನ?" ಅಂತ ಕೇಳಿದರು. ಅಂಗಡಿ ಭಾನುವಾರ ಮುಚ್ಚಿರುತ್ತೆ, ಸೋಮವಾರ ಕೊಟ್ಟರಾಯ್ತು ಅಂದೆ.